ಗಾಜಿನ ಪೆಟ್ಟಿಗೆಯ ಕೀಟಾಹಾರಿ ಗಿಡಗಳಿಗೆ ಯಾವ ದೀಪ?

ಪ್ರಶ್ನೆ: 45 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಟೆರೇರಿಯಂನಲ್ಲಿ ರೋಮಗಳ ಅಂಟುಹನಿಯಿಂದ ಕೀಟ ಹಿಡಿಯುವ ಡ್ರಾಸೆರಾ ಕೇಪೆನ್ಸಿಸ್, ಮೆಕ್ಸಿಕೊ ಮೂಲದ, ಅಂಟೆಲೆಯ ಪಿಂಗ್ವಿಕ್ಯುಲಾ, ಎಳೆಯ ಹೂಜಿಗಿಡ (ನೆಪೆಂಥಿಸ್) ಮತ್ತು ಎಲೆ ಮುಚ್ಚಿ ಕೀಟ ಹಿಡಿಯುವ ವೀನಸ್ ಫ್ಲೈಟ್ರಾಪ್ ಬೆಳೆಸುತ್ತಿದ್ದೇನೆ. ಮೇಲೆ 9 ವಾಟ್‌ನ ಎಲ್‌ಇಡಿ ಬಲ್ಬನ್ನು ದಿನಕ್ಕೆ 8 ಗಂಟೆ ಉರಿಸುತ್ತೇನೆ. ಎರಡು ತಿಂಗಳಲ್ಲಿ ಡ್ರಾಸೆರಾದ ಕೆಂಪು ಮಾಸಿ, ಅಂಟುಹನಿಗಳು ಬತ್ತಿವೆ. ಇರುವೆಗಳನ್ನು ಹಾಕಿದರೂ ಚೇತರಿಸಿಕೊಂಡಿಲ್ಲ. ಮೊಬೈಲ್ ಆ್ಯಪ್ ಎಲೆಯ ಮಟ್ಟದಲ್ಲಿ 1,200 ಲಕ್ಸ್ ತೋರಿಸುತ್ತದೆ. ನೇರಳೆ ಬಣ್ಣದ ಗ್ರೋ ಲೈಟ್ ಕೊಳ್ಳಬೇಕೇ? ಎಷ್ಟು ವಾಟ್‌ನದು ಬೇಕು?

ಉತ್ತರ: ನಿಮ್ಮ ಡ್ರಾಸೆರಾ ಹಸಿದಿರುವುದು ಬೆಳಕಿಗೆ, ಇರುವೆಗಲ್ಲ. ಕೀಟಗಳಿಂದ ಈ ಗಿಡಗಳು ಪಡೆಯುವುದು ಮುಖ್ಯವಾಗಿ ಸಾರಜನಕ ಮತ್ತು ರಂಜಕವನ್ನು. ಬೆಳೆಯಲು ಬೇಕಾದ ಸಕ್ಕರೆಯನ್ನು ಉಳಿದ ಹಸಿರು ಗಿಡಗಳಂತೆ ಬೆಳಕಿನಿಂದಲೇ ತಯಾರಿಸಿಕೊಳ್ಳಬೇಕು. ಅಂಟು, ಬಲೆ, ಜೀರ್ಣರಸ ಇವೆಲ್ಲ ಗಿಡಕ್ಕೆ ದುಬಾರಿ ಸರಂಜಾಮುಗಳು. ಬೆಳಕೂ ನೀರೂ ಧಾರಾಳವಾಗಿದ್ದು ಪೋಷಕಾಂಶ ಮಾತ್ರ ಕಡಿಮೆಯಿರುವ ನೆಲದಲ್ಲಷ್ಟೇ ಆ ಖರ್ಚು ಗಿಟ್ಟುತ್ತದೆ ಎಂದು ಸಸ್ಯವಿಜ್ಞಾನಿ ಥಾಮಸ್ ಗಿವ್ನಿಶ್ ಮತ್ತು ಸಂಗಡಿಗರು 1984ರಲ್ಲಿ ವಾದಿಸಿದ್ದರು. ಬೆಳಕು ಸಾಲದಾದಾಗ ಗಿಡ ಮೊದಲು ಕೈಬಿಡುವುದು ಈ ಖರ್ಚನ್ನೇ. ನೀವು ಕಂಡ ಬತ್ತಿದ ಹನಿಗಳು ಅದರ ಗುರುತು. ಅಂಥ ಎಲೆಯ ಮೇಲೆ ಇರುವೆ ಹಾಕಿದರೆ ಅದು ಜೀರ್ಣವಾಗದೆ ಬೂಸ್ಟು ಹಿಡಿಯುವ ಸಂಭವವೇ ಹೆಚ್ಚು.

ಈಗ ನಿಮ್ಮ 1,200 ಲಕ್ಸ್‌ನ ವಿಚಾರ. ಓದಲು 500 ಲಕ್ಸ್ ಸಾಕಾಗುವುದರಿಂದ ಪೆಟ್ಟಿಗೆ ಝಗಮಗಿಸುತ್ತಿರುವಂತೆ ನಿಮಗೆ ಕಂಡಿರಬಹುದು, ಆದರೆ ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್. ಅಲ್ಲದೆ ಲಕ್ಸ್ ನಮ್ಮ ಕಣ್ಣಿಗಾಗಿ ರೂಪಿಸಿದ ಅಳತೆ. ಗಿಡ 400ರಿಂದ 700 ನ್ಯಾನೊಮೀಟರ್‌ವರೆಗಿನ ಬೆಳಕನ್ನು ಬಳಸುತ್ತದೆ. ಸೆಕೆಂಡಿಗೆ ಒಂದು ಚದರ ಮೀಟರಿನ ಮೇಲೆ ಬೀಳುವ ಅಂಥ ಬೆಳಕಿನ ಕಣಗಳನ್ನು ಮೈಕ್ರೊಮೋಲ್‌ಗಳಲ್ಲಿ ಎಣಿಸುತ್ತಾರೆ. ಬಿಳಿ ಎಲ್‌ಇಡಿಯ ಮಟ್ಟಿಗೆ ಸುಮಾರು 70 ಲಕ್ಸ್‌ಗೆ ಒಂದು ಮೈಕ್ರೊಮೋಲ್ ಎಂದು ಹಿಡಿದರೆ ನಿಮ್ಮ ಗಿಡಕ್ಕೆ ಸಿಗುತ್ತಿರುವುದು ಬರೀ 17. ಅದನ್ನು 8 ಗಂಟೆಗಳ 28,800 ಸೆಕೆಂಡುಗಳಿಂದ ಗುಣಿಸಿದರೆ ದಿನಕ್ಕೆ ಅರ್ಧ ಮೋಲ್‌ನಷ್ಟಾಗುತ್ತದೆ (ಹತ್ತು ಲಕ್ಷ ಮೈಕ್ರೊಮೋಲ್ ಸೇರಿದರೆ ಒಂದು ಮೋಲ್). ಡ್ರಾಸೆರಾ ಹನಿ ತುಂಬಿಕೊಂಡು ಕೆಂಪಾಗಿ ನಿಲ್ಲಬೇಕಾದರೆ ಎಲೆಯ ಮಟ್ಟದಲ್ಲಿ 150 ಮೈಕ್ರೊಮೋಲ್, ಅಂದರೆ 10,000 ಲಕ್ಸ್‌ಗೂ ತುಸು ಹೆಚ್ಚಿನ ಬೆಳಕನ್ನು 14 ಗಂಟೆ ಕೊಡುವ ಗುರಿ ಇಟ್ಟುಕೊಳ್ಳಿ. ಆಗ ದಿನಕ್ಕೆ ಏಳೂವರೆ ಮೋಲ್, ಈಗಿನದರ ಹದಿನೈದು ಪಟ್ಟು.

ನೇರಳೆ ದೀಪದಲ್ಲಿ ಗಿಡ ಬೆಳೆಯುವುದಿಲ್ಲವೆಂದಲ್ಲ, ಬೆಳೆಯುತ್ತದೆ. ಆದರೆ ಬಿಳಿ ಎಲ್‌ಇಡಿಯಲ್ಲೂ ನೀಲಿ ಮತ್ತು ಕೆಂಪು ಇದ್ದೇ ಇರುತ್ತವೆ, ಮತ್ತು ನೇರಳೆ ಬೆಳಕಿನಲ್ಲಿ ಎಲೆಯ ನಿಜವಾದ ಬಣ್ಣ ಕಾಣುವುದಿಲ್ಲ. ಎಲೆಯ ಬಣ್ಣ ನೋಡಿಯೇ ಬೆಳಕನ್ನು ಹೊಂದಿಸಬೇಕಾದ ಇಂಥ ಗಿಡಗಳಿಗೆ ನಾನು ಬಿಳಿಯನ್ನೇ ಆರಿಸುತ್ತೇನೆ. 4,000ದಿಂದ 6,500 ಕೆಲ್ವಿನ್ ಒಳಗಿನ ಯಾವುದಾದರೂ ಆಗಬಹುದು. ಕೆಲ್ವಿನ್ ತಿಳಿಸುವುದು ಬೆಳಕಿನ ಛಾಯೆಯನ್ನು, ಪ್ರಮಾಣವನ್ನಲ್ಲ. ನಿಮ್ಮ ಅಳತೆಯ ಪೆಟ್ಟಿಗೆಗೆ ನಿಜವಾಗಿ 20ರಿಂದ 30 ವಾಟ್ ವಿದ್ಯುತ್ ಬಳಸುವ ಪಟ್ಟಿ ಅಥವಾ ಪ್ಯಾನೆಲ್ ಸಾಕು. ದುಂಡು ಬಲ್ಬಿನ ಬೆಳಕು ಸುತ್ತಲೂ ಚದುರಿಹೋಗುತ್ತದೆ. ಪೊಟ್ಟಣದ ಮೇಲೆ ದೊಡ್ಡದಾಗಿ ಅಚ್ಚಾಗಿರುವ ‘100 ವಾಟ್‌ಗೆ ಸಮಾನ’ ಎಂಬ ಮಾತನ್ನು ಬಿಟ್ಟು, ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿರುವ ಅಂಕಿಯನ್ನು ಓದಿ.

ದೀಪವನ್ನು ಗಾಜಿನ ಹೊರಗೆ, ಎಲೆಗಳಿಂದ 20 ಸೆಂ.ಮೀ. ಆಸುಪಾಸಿನಲ್ಲಿ ಇಡಿ. ಮುಚ್ಚಳದ ಮೇಲೆ ಮಂಜುಕಟ್ಟಿದರೆ ಬೆಳಕಿನಲ್ಲಿ ಒಂದು ಪಾಲು ಅಲ್ಲೇ ಕಳೆದುಹೋಗುವುದರಿಂದ ಆ್ಯಪ್‌ನ ಅಳತೆಯನ್ನು ಮುಚ್ಚಳ ಹಾಕಿಯೇ ತೆಗೆದುಕೊಳ್ಳಬೇಕು. ಮೊಬೈಲ್‌ನ ಅಂಕಿ ಅಂದಾಜಿನದಾದರೂ ಒಂದು ಜಾಗವನ್ನು ಇನ್ನೊಂದರೊಡನೆ ಹೋಲಿಸಲು ಸಾಕು. ಬೆಳಕು ಕಡಿಮೆಯೆನಿಸಿತೆಂದು ಮುಚ್ಚಿದ ಪೆಟ್ಟಿಗೆಯನ್ನು ಬಿಸಿಲಿಗೆ ಮಾತ್ರ ಒಯ್ಯಬೇಡಿ, ಒಳಗಿನ ಗಿಡಗಳು ಬೆಂದುಹೋಗುತ್ತವೆ. ದೀಪ ಹಚ್ಚಿ ಆರಿಸುವ ಕೆಲಸವನ್ನು ಟೈಮರ್‌ಗೆ ವಹಿಸಿ, ರಾತ್ರಿ ಕತ್ತಲಿರಲಿ. ಹೂಜಿಗಿಡಕ್ಕೂ ಪಿಂಗ್ವಿಕ್ಯುಲಾಕ್ಕೂ ಇಷ್ಟು ಪ್ರಖರತೆ ಬೇಕಿಲ್ಲವಾದ್ದರಿಂದ ಅವನ್ನು ಅಂಚಿಗೆ ಸರಿಸಿ, ಡ್ರಾಸೆರಾವನ್ನು ನಡುವಿಗೆ ತನ್ನಿ.

ನೀವು ಕೇಳದಿದ್ದರೂ ಫ್ಲೈಟ್ರಾಪ್ ಬಗ್ಗೆ ಒಂದು ಮಾತು ಹೇಳಬೇಕಾಗಿದೆ. ಅದಕ್ಕೆ ವರ್ಷಕ್ಕೆ ಮೂರು-ನಾಲ್ಕು ತಿಂಗಳು ತಂಪಾದ, ಹಗಲು ಕಿರಿದಾದ ವಿಶ್ರಾಂತಿಯ ಕಾಲ ಬೇಕು. ವರ್ಷವಿಡೀ ಒಂದೇ ಬೆಳಕು, ಒಂದೇ ಬಿಸುಪು ಇರುವ ಪೆಟ್ಟಿಗೆಯಲ್ಲಿ ಅದು ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಎಷ್ಟು ಒಳ್ಳೆಯ ದೀಪ ತಂದರೂ ಈ ಕೊರತೆ ತುಂಬುವುದಿಲ್ಲ. ಅದನ್ನು ಬೇರೆ ಕುಂಡಕ್ಕೆ ಸಾಗಿಸುವುದೇ ಸರಿ.

ಹೊಸ ದೀಪವನ್ನು ಮೊದಲ ದಿನವೇ 14 ಗಂಟೆ ಉರಿಸದೆ, ಎತ್ತರದಲ್ಲಿಟ್ಟು ಎರಡು ವಾರಗಳಲ್ಲಿ ಹಂತಹಂತವಾಗಿ ಕೆಳಗಿಳಿಸಿ. ಮಂಕಾದ ಹಳೆಯ ಎಲೆಗಳು ಮತ್ತೆ ಕೆಂಪಾಗಲೆಂದು ಕಾಯಬೇಡಿ, ನಡುವಿನಿಂದ ಸುರುಳಿ ಬಿಚ್ಚಿಕೊಂಡು ಬರುವ ಎಲೆಯನ್ನು ಗಮನಿಸಿ. ಅದು ಗಿಡ್ಡವಾಗಿ, ರೋಮಗಳು ಕೆಂಪಾಗಿ, ಒಂದೊಂದರ ತುದಿಯಲ್ಲೂ ಹನಿ ನಿಂತಿದ್ದರೆ ದೀಪ ಇರುವ ಎತ್ತರ ಸರಿಯಾಗಿದೆ. ತುದಿ ಕಂದಿ ಗರಿಗರಿಯಾದರೆ ಐದು ಸೆಂ.ಮೀ. ಮೇಲೆತ್ತಿ. ಕೆಂಪೇ ಬಾರದ ‘ಆಲ್ಬಾ’ ಎಂಬ ಬಿಳಿ ತಳಿ ನಿಮ್ಮದಾಗಿದ್ದರೆ ಬಣ್ಣವನ್ನು ಬಿಟ್ಟು ಹನಿಯನ್ನಷ್ಟೇ ನೋಡಿ.