ಬೋರ್ ನೀರಿನ ಇಂಚು, ಪೈಪಿನ ಇಂಚು, ಮಳೆಯ ಇಂಚು: ನಾಲ್ಕು ಎಕರೆ ಅಡಿಕೆಯ ಪ್ರಶ್ನೆಗೆ ಉತ್ತರ

ನಿಮ್ಮ ಪ್ರಶ್ನೆಯಲ್ಲಿ ‘ಎರಡು ಇಂಚು’ ಎಂಬ ಮಾತು ಮೂರು ಸಲ ಬಂದಿದೆ. ಹೊಸ ಬೋರ್‌ವೆಲ್‌ನಲ್ಲಿ ಎರಡು ಇಂಚು ನೀರು ಸಿಕ್ಕಿದೆ, ಅದಕ್ಕೆ ಎರಡು ಇಂಚಿನ ಪೈಪ್ ಎಳೆಯುವ ಯೋಚನೆಯಿದೆ, ಮೊನ್ನೆ ಎರಡು ಇಂಚು ಮಳೆಯೂ ಆಗಿದೆ. ಈ ನೀರಿನಲ್ಲಿ ನಾಲ್ಕು ಎಕರೆ ಅಡಿಕೆ ತೋಟ ಮಾಡಬಹುದೇ, ಮಳೆಯಾದ ಮೇಲೆ ಹಳೆಯ ತೋಟಕ್ಕೆ ಎಷ್ಟು ದಿನ ನೀರು ನಿಲ್ಲಿಸಬಹುದು ಎಂದು ಕೇಳಿದ್ದೀರಿ. ಇಂಚು ಎಂಬ ಅಳತೆ ಮೂರೂ ಕಡೆ 25.4 ಮಿಲಿಮೀಟರೇ. ಆದರೆ ಅದರಿಂದ ಅಳೆಯುತ್ತಿರುವುದು ಮೊದಲನೆಯದರಲ್ಲಿ ತಗಡಿನ ಸೀಳಿನಲ್ಲಿ ಹರಿಯುವ ನೀರಿನ ಎತ್ತರವನ್ನು, ಎರಡನೆಯದರಲ್ಲಿ ಪೈಪಿನ ಅಗಲವನ್ನು, ಮೂರನೆಯದರಲ್ಲಿ ನೆಲದ ಮೇಲೆ ಬಿದ್ದ ನೀರಿನ ಆಳವನ್ನು. ನೀವು ಹೇಳಿದ ಅಳತೆ ಬೋರ್ ಲಾರಿಯವರದೇ ಆಗಿದ್ದರೆ ನಾಲ್ಕು ಎಕರೆಗೆ ಆ ನೀರು ಸಾಲುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಣವನ್ನು ವಿವರವಾಗಿ ಬರೆಯುತ್ತೇನೆ.

ಬೋರ್ ಕೊರೆಯುವವರು ನೀರು ಬಿದ್ದ ಕೂಡಲೇ ಹೊರಬರುವ ನೀರನ್ನು ಒಂದು ಸಣ್ಣ ಕಾಲುವೆಗೆ ತಿರುಗಿಸಿ, ಅದಕ್ಕೆ ಅಡ್ಡಲಾಗಿ ‘ವಿ’ ಆಕಾರದಲ್ಲಿ ಕತ್ತರಿಸಿದ ತಗಡನ್ನು ನಿಲ್ಲಿಸುತ್ತಾರೆ. ಇದನ್ನೇ ವಿ ನಾಚ್ ಎನ್ನುವುದು. ಸೀಳಿನ ತಳದ ಮೂಲೆಯಿಂದ ನೀರಿನ ಮಟ್ಟ ಎಷ್ಟು ಎತ್ತರಕ್ಕಿದೆಯೋ ಅಷ್ಟು ಇಂಚು ನೀರು ಎಂದು ಲೆಕ್ಕ. ಸೀಳು ಮೇಲೆ ಹೋದಂತೆ ಅಗಲವಾಗುತ್ತದೆ, ಮಟ್ಟ ಏರಿದಂತೆ ನೀರಿನ ವೇಗವೂ ಹೆಚ್ಚುತ್ತದೆ. ಆದ್ದರಿಂದ ಇಂಚು ಇಮ್ಮಡಿಯಾದರೆ ನೀರು ಇಮ್ಮಡಿಯಾಗುವುದಿಲ್ಲ, ಐದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಸೀಳು 90 ಡಿಗ್ರಿ ಕೋನದ್ದಾಗಿದ್ದರೆ ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚಿಗೆ ಸುಮಾರು 2,900 ಲೀಟರ್, ಮೂರು ಇಂಚಿಗೆ ಸುಮಾರು 8,000 ಲೀಟರ್, ನಾಲ್ಕು ಇಂಚಿಗೆ ಸುಮಾರು 16,000 ಲೀಟರ್ ಬರುತ್ತದೆ. ‘ನಮ್ಮದು ಎರಡು ಇಂಚು, ಪಕ್ಕದವರದು ನಾಲ್ಕು ಇಂಚು, ಅವರದರಲ್ಲಿ ಅರ್ಧವಾದರೂ ನಮಗಿದೆ’ ಎಂದು ಸಮಾಧಾನ ಪಟ್ಟುಕೊಳ್ಳುವವರನ್ನು ಹಲವರನ್ನು ನೋಡಿದ್ದೇನೆ. ನಿಜದಲ್ಲಿ ಅವರಿಗಿರುವುದು ಆರನೆಯ ಒಂದು ಪಾಲಿಗಿಂತ ಕೊಂಚ ಹೆಚ್ಚು, ಅಷ್ಟೆ.

ಇದೇ ಕಾರಣಕ್ಕೆ ಓದುವಾಗ ಆಗುವ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಎರಡು ಇಂಚನ್ನು ಎರಡೂಕಾಲು ಎಂದು ಓದಿದರೆ ಲೆಕ್ಕದಲ್ಲಿ ನೀರು ಮೂರನೆಯ ಒಂದು ಭಾಗದಷ್ಟು ಹೆಚ್ಚಿಬಿಡುತ್ತದೆ. ತಗಡು ಓರೆಯಾಗಿ ನಿಂತಿದ್ದರೆ, ಹಿಂದಿನ ನೀರು ತಿಳಿಯಾಗಿ ನಿಲ್ಲದೆ ಅಲೆಯಾಡುತ್ತಿದ್ದರೆ, ಸೀಳಿನ ಬಾಯಲ್ಲೇ ಸ್ಕೇಲ್ ಇಟ್ಟು ಅಳೆದಿದ್ದರೆ ಆ ಅಂಕಿಯನ್ನು ನೆಚ್ಚಬೇಡಿ; ಸೀಳಿನ ಬಳಿ ನೀರು ತಗ್ಗಿ ಹರಿಯುವುದರಿಂದ ಮಟ್ಟವನ್ನು ತುಸು ಹಿಂದೆ ಸರಿದು ನೋಡಬೇಕು. ಅಲ್ಲದೆ ಕಂಪ್ರೆಸರ್‌ನ ಗಾಳಿಗೆ ಎದ್ದು ಬರುವ ನೀರು ಬಂಡೆಯ ಸೀಳುಗಳಲ್ಲಿ ಮೊದಲೇ ಸಂಗ್ರಹವಾಗಿದ್ದದ್ದೂ ಆಗಿರಬಹುದು. ಪಂಪ್ ಇಳಿಸಿ ಕೆಲವು ಗಂಟೆ ಸತತವಾಗಿ ಓಡಿಸಿದ ಮೇಲೆ ಉಳಿಯುವ ಹರಿವೇ ನಿಮ್ಮ ನಿಜವಾದ ನೀರು.

ಊರಿನಲ್ಲಿ ಇನ್ನೊಂದು ಬಳಕೆಯೂ ಇದೆ. ಎರಡು ಇಂಚಿನ ಪೈಪ್ ತುಂಬಿ ಬರುವ ನೀರನ್ನೂ ‘ಎರಡು ಇಂಚು ನೀರು’ ಎಂದೇ ಕರೆಯುತ್ತಾರೆ. ಆ ಪೈಪಿನಲ್ಲಿ ನೀರು ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ತುಂಬಿ ಹರಿದರೆ ಗಂಟೆಗೆ ಸುಮಾರು 11,000 ಲೀಟರ್ ಆಗುತ್ತದೆ. ಮಾತು ಒಂದೇ, ನೀರಿನಲ್ಲಿ ಮಾತ್ರ ಹೆಚ್ಚುಕಡಿಮೆ ನಾಲ್ಕು ಪಟ್ಟು ವ್ಯತ್ಯಾಸ! ಬೋರ್ ಮಾರಾಟದ ಮಾತಿನಲ್ಲಾಗಲಿ, ಜಮೀನು ಕೊಳ್ಳುವಾಗಲಾಗಲಿ ಯಾರಾದರೂ ಇಂಚಿನಲ್ಲಿ ನೀರು ಹೇಳಿದರೆ, ‘ಯಾವ ಇಂಚು, ನಾಚಿನದೋ ಪೈಪಿನದೋ’ ಎಂದು ಕೇಳಲು ಸಂಕೋಚ ಪಡಬಾರದು.

ಅನುಮಾನವಿದ್ದರೆ ಇಂಚನ್ನೇ ಬಿಟ್ಟುಬಿಡಿ. 200 ಲೀಟರ್ ಡ್ರಮ್ಮನ್ನು ಡೆಲಿವರಿ ಪೈಪಿನ ಕೆಳಗಿಟ್ಟು ತುಂಬಲು ಹಿಡಿಯುವ ಸಮಯವನ್ನು ನೋಡಿ. ಸುಮಾರು ನಾಲ್ಕು ನಿಮಿಷ ಹಿಡಿದರೆ ಅದು ನಾಚಿನ ಎರಡು ಇಂಚು. ಒಂದು ನಿಮಿಷ ದಾಟುತ್ತಿದ್ದಂತೆ ತುಂಬಿದರೆ ಪೈಪಿನ ಎರಡು ಇಂಚು.

ಈಗ ತೋಟದ ಲೆಕ್ಕಕ್ಕೆ ಬರೋಣ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಅಡಿಕೆ ಮರ ಕೂರುತ್ತವೆ. ಬೇಸಿಗೆಯಲ್ಲಿ ಡ್ರಿಪ್ ಮೂಲಕ ಫಲ ಬರುವ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕಾಗುವುದರಿಂದ, ಎಕರೆಗೆ ಸುಮಾರು 11,000 ಲೀಟರ್ ಎಂದು ಇಟ್ಟುಕೊಳ್ಳುವುದು ಕ್ಷೇಮ. ನಾಚಿನ ಎರಡು ಇಂಚು ನೀರು ಏಳು ಗಂಟೆ ತ್ರೀಫೇಸ್ ವಿದ್ಯುತ್ತಿನಲ್ಲಿ ಸುಮಾರು 20,000 ಲೀಟರ್ ಕೊಡುತ್ತದೆ. ಅಂದರೆ ಎರಡು ಎಕರೆಗೂ ಅದು ತುಸು ಕಡಿಮೆಯೇ. ವಿದ್ಯುತ್ ಕೈಕೊಡುವ ದಿನಗಳನ್ನೂ, ಏಪ್ರಿಲ್ ವೇಳೆಗೆ ಬೋರ್ ಇಳಿಯುವುದನ್ನೂ ಗಮನಿಸಿದರೆ ಒಂದೂವರೆ ಎಕರೆಗೆ ನಿಲ್ಲುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಎಳೆಯ ಸಸಿಗಳಿಗೆ ಇಷ್ಟು ನೀರು ಬೇಡವೆಂದು ನಾಲ್ಕು ಎಕರೆ ನೆಟ್ಟುಬಿಟ್ಟರೆ ಫಸಲು ಬರುವ ವರ್ಷದಲ್ಲಿ ಕಷ್ಟವಾಗುತ್ತದೆ.

ಪೈಪಿನ ವಿಷಯ ಚಿಕ್ಕದು, ಆದರೆ ಅಂಗಡಿಯಲ್ಲಿ ಗೊಂದಲ ಇಲ್ಲಿಯೇ ಹೆಚ್ಚು. ಕೃಷಿಗೆ ಬಳಸುವ ಪಿವಿಸಿ ಪೈಪುಗಳನ್ನು ಹೊರ ವ್ಯಾಸದ ಮಿಲಿಮೀಟರಿನಲ್ಲಿ ತಯಾರಿಸುತ್ತಾರೆ, 63 ಮಿ.ಮೀ. ಪೈಪನ್ನು ನಾವು ಎರಡು ಇಂಚು, 75ನ್ನು ಎರಡೂವರೆ, 90ನ್ನು ಮೂರು, 110ನ್ನು ನಾಲ್ಕು ಇಂಚು ಎಂದು ಕರೆಯುತ್ತೇವೆ. ಮನೆಯ ನಲ್ಲಿ ಕೆಲಸಕ್ಕೆ ಬರುವ ಎರಡು ಇಂಚಿನ ದಪ್ಪ ಪೈಪಿನ ಹೊರ ವ್ಯಾಸ 60 ಮಿ.ಮೀ.ಗಿಂತ ಸ್ವಲ್ಪವೇ ಹೆಚ್ಚು. ಆದ್ದರಿಂದ ಒಂದರ ಎಲ್ಬೋ ಇನ್ನೊಂದಕ್ಕೆ ಕೂರುವುದಿಲ್ಲ, ಗಮ್ ಎಷ್ಟು ಹಚ್ಚಿದರೂ ಸೋರುತ್ತದೆ. ಚೀಟಿಯಲ್ಲಿ ಇಂಚು ಬರೆಯದೆ ಮಿಲಿಮೀಟರ್ ಮತ್ತು ಒತ್ತಡದ ದರ್ಜೆಯನ್ನು ಬರೆದು ಕೊಡಿ. ನಿಮ್ಮ ಗಂಟೆಗೆ 2,900 ಲೀಟರಿಗೆ 63 ಮಿ.ಮೀ. ಧಾರಾಳವಾಗಿ ಸಾಕು, ದೂರ ಕಡಿಮೆಯಿದ್ದರೆ 50 ಕೂಡ ನಡೆಯುತ್ತದೆ. ಮೂರು ಇಂಚು ಹಾಕಿದರೆ ನೀರು ಹೆಚ್ಚು ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆಯೇ ಬೋರ್ ಕೊಡುವುದಕ್ಕಿಂತ ಹೆಚ್ಚು ಎಳೆಯುವ ಪಂಪನ್ನು ಇಳಿಸಿದರೆ ನೀರಿನ ಮಟ್ಟ ಕುಸಿದು ಮೋಟಾರ್ ಒಣಗಿ ಓಡುತ್ತದೆ, ಕೊನೆಗೆ ಸುಡುತ್ತದೆ.

ಇನ್ನು ಮಳೆ. ಒಂದು ಇಂಚು ಮಳೆ ಎಂದರೆ ಹರಿದುಹೋಗದೆ, ಇಂಗದೆ ನಿಂತಿದ್ದರೆ ನೆಲದ ಮೇಲೆ ಒಂದು ಇಂಚು ಆಳಕ್ಕೆ ನಿಲ್ಲುತ್ತಿದ್ದ ನೀರು. ಎಕರೆಗೆ ಸುಮಾರು 1,02,800 ಲೀಟರ್. ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಹೇಳುತ್ತದೆ, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಇಂದಿಗೂ ಇಂಚು, ಸೆಂಟುಗಳಲ್ಲಿಯೇ ಹೇಳುತ್ತಾರೆ; ನೂರು ಸೆಂಟು ಒಂದು ಇಂಚು. ಕಾಫಿ ಗಿಡದ ಮೊಗ್ಗು ಅರಳಿಸುವ ಹೂಮಳೆ ಒಂದು ಇಂಚಿನ ಆಸುಪಾಸು ಬಂತೋ ಇಲ್ಲವೋ ಎಂಬುದರ ಮೇಲೆ ಅವರ ವರ್ಷದ ಫಸಲು ನಿಂತಿರುವುದರಿಂದ ಆ ಸೂಕ್ಷ್ಮ ಅವರಿಗೆ ಬೇಕಾಗಿದೆ. ಕರಾವಳಿಯಲ್ಲಿ ಜಾಗವನ್ನೂ ಸೆಂಟಿನಲ್ಲೇ ಅಳೆಯುತ್ತಾರೆ, ಅಲ್ಲಿ ನೂರು ಸೆಂಟು ಒಂದು ಎಕರೆ. ಒಂದು ಸೆಂಟು ಜಾಗದ ಮೇಲೆ ಒಂದು ಸೆಂಟು ಮಳೆ ಬಿದ್ದರೆ ಸುಮಾರು ಹತ್ತು ಲೀಟರ್ ನೀರಾಗುತ್ತದೆ ಎಂಬುದು ಲೆಕ್ಕ ಮಾಡಿ ನೋಡಿದವರಿಗೆ ಸಿಗುವ ಒಂದು ಸಣ್ಣ ಖುಷಿ.

ನಿಮ್ಮ ಎರಡು ಇಂಚು ಮಳೆ ಎಕರೆಗೆ ಎರಡು ಲಕ್ಷ ಲೀಟರ್ ದಾಟುತ್ತದೆ. ಅದನ್ನು ದಿನದ 11,000ದಿಂದ ಭಾಗಿಸಿ ಹದಿನೆಂಟು ದಿನ ನೀರು ಬೇಡ ಎಂದು ತೀರ್ಮಾನಿಸಬೇಡಿ. ಡ್ರಿಪ್ ನೀರು ಬುಡಕ್ಕೆ ಮಾತ್ರ ಬೀಳುತ್ತದೆ, ಮಳೆ ಇಡೀ ತೋಟಕ್ಕೆ ಬೀಳುತ್ತದೆ. ಅರ್ಧ ಗಂಟೆಯಲ್ಲಿ ಸುರಿದ ಎರಡು ಇಂಚಿನಲ್ಲಿ ಬಹುಪಾಲು ಇಳಿಜಾರಿನಲ್ಲಿ ಹರಿದುಹೋಗಿರುತ್ತದೆ, ರಾತ್ರಿಯಿಡೀ ಜಿಟಿಜಿಟಿ ಹಿಡಿದ ಎರಡು ಇಂಚಿನಲ್ಲಿ ಹೆಚ್ಚಿನದು ಇಂಗಿರುತ್ತದೆ. ಅಂದಾಜಿಗೆ ಜೇಡಿ ಮಣ್ಣಿಗೆ ಒಂದು ವಾರದಿಂದ ಹತ್ತು ದಿನ, ಮರಳು ಮಿಶ್ರಿತ ಮಣ್ಣಿಗೆ ಅದಕ್ಕಿಂತ ಕಡಿಮೆ ದಿನ ಗೇಟ್ ವಾಲ್ವ್ ಮುಚ್ಚಿಡಬಹುದು. ನಾಲ್ಕನೆಯ ದಿನದಿಂದಲೇ ಮರದ ಬುಡದಿಂದ ಎರಡು ಅಡಿ ದೂರದಲ್ಲಿ ಒಂದು ಅಡಿ ಆಳಕ್ಕೆ ಗುಂಡಿ ತೆಗೆದು ತಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ. ಉಂಡೆ ಕಟ್ಟಿದರೆ ಇನ್ನೂ ಕಾಯಬಹುದು, ಉದುರಿದರೆ ಅಂದೇ ನೀರು ಬಿಡಿ.