ಟ್ರಿಗರ್ ಪಿನ್ ಸಡಿಲ ಅಂದಕೂಡಲೇ ವೆಲ್ಡಿಂಗ್ ಶಾಪಿಗೆ ಓಡಬೇಡಿ

ಮಳೆ ಬಿಟ್ಟು ಕೋವಿ ಒರೆಸುವ ಹೊತ್ತಿಗೆ ಮಂಗಳೂರು, ಉಡುಪಿ ಕಡೆಯಿಂದ ಬರುವ ಪ್ರಶ್ನೆಗಳಲ್ಲಿ ಟ್ರಿಗರ್ ಪಿನ್ನಿನದ್ದೇ, ಅಂದರೆ ಟ್ರಿಗರ್ ಕೂತು ತಿರುಗುವ ಅಡ್ಡ ಕಡ್ಡಿಯದ್ದೇ ಜಾಸ್ತಿ. ಉತ್ತರ ಕೊಡಲು ನನಗೆ ಬೇಸರವಿಲ್ಲ. ಕೇಳುವ ಮೊದಲೇ ಯಾರದೋ ಮಾತು ಕೇಳಿ ಮೊಳೆ ಬಡಿದಿರುತ್ತಾರಲ್ಲ, ಸಿಟ್ಟು ಬರುವುದು ಅದಕ್ಕೆ. ಕೋವಿ ಖಾಲಿ ಇದೆಯಾ ಎಂದು ನೋಡುವುದು ಹೇಗೆ ಅಂತ ಇಲ್ಲಿ ಹೇಳಿಕೊಡುವುದಿಲ್ಲ. ಅದು ಗೊತ್ತಿಲ್ಲದವರು ಕೋವಿ ಮುಟ್ಟಲೇಬಾರದು.

ನನ್ನ .22 ರೈಫಲ್ಲನ್ನು ಸ್ಟಾಕಿನಿಂದ, ಅಂದರೆ ಮರದ ಹಿಡಿಯಿಂದ, ಬಿಚ್ಚಿ ಒರೆಸುವಾಗ ಪಿನ್ ತಾನಾಗಿ ಜಾರಿ ಬಿತ್ತು. ಬೆರಳಲ್ಲೇ ಒಳಗೆ ಹೋಗುತ್ತದೆ, ಓರೆ ಮಾಡಿದರೆ ಹೊರಗೆ ಬರುತ್ತದೆ. ಎರಡೂ ತುದಿಗೆ ಚೂರು ವೆಲ್ಡಿಂಗ್ ಕೊಟ್ಟರೆ ಮತ್ತೆಂದೂ ಅಲುಗಾಡಲ್ಲ ಅಂತಾರೆ ವರ್ಕ್‌ಶಾಪಿನವರು. ಮಾಡಿಸಬಹುದಾ ಸರ್? – ಕಾರ್ಕಳದ ಓದುಗರು

ಖಂಡಿತ ಬೇಡ. ನಿಮ್ಮ ರೈಫಲ್ ಕೆಟ್ಟಿದೆ ಎಂದೇ ಇನ್ನೂ ಗೊತ್ತಾಗಿಲ್ಲ.

ಎಲ್ಲಾ ಪಿನ್ನೂ ಬಿಗಿಯಾಗಿ ಕೂರಬೇಕು ಅಂತೇನಿಲ್ಲ. ಎಷ್ಟೋ ರೈಫಲ್ಲುಗಳಲ್ಲಿ ಅದನ್ನು ಸಲೀಸಾಗಿ ಜಾರುವ ಹಾಗೆಯೇ ಮಾಡಿರುತ್ತಾರೆ. ಸ್ಟಾಕ್ ಹಾಕಿದ ಮೇಲೆ ಎರಡೂ ಬದಿಯ ಗೋಡೆಗಳೇ ಪಿನ್ನನ್ನು ಹಿಡಿದುಕೊಳ್ಳುತ್ತವೆ. ರೂಗರ್ 10/22 ರೈಫಲ್ಲನ್ನೇ ನೋಡಿ. ಅದರ ಟ್ರಿಗರ್ ಹೌಸಿಂಗ್ (ಟ್ರಿಗರಿನ ಭಾಗಗಳಿರುವ ಗೂಡು) ಹಿಡಿಯುವ ಎರಡು ಅಡ್ಡ ಪಿನ್ನುಗಳು ಸ್ಟಾಕ್ ಬಿಚ್ಚಿದರೆ ಮೇಜಿನ ಮೇಲೆ ಬೀಳುತ್ತವೆ. ಕೆಲವು ಸ್ಪ್ರಿಂಗ್ ಏರ್ ರೈಫಲ್ಲುಗಳೂ ಹಾಗೆಯೇ. ಹಾಗಾಗಿ ಬಿಚ್ಚಿಟ್ಟ ರೈಫಲ್ ನೋಡಿ ತೀರ್ಮಾನ ಮಾಡಬೇಡಿ. ಸ್ಟಾಕ್ ಕೂರಿಸಿ, ಸ್ಕ್ರೂ ಬಿಗಿ ಮಾಡಿ. ಡಮ್ಮಿ ತೋಟೆ (ಮದ್ದಿಲ್ಲದ ತೋಟೆ) ಹಾಕಿ ಹತ್ತಿಪ್ಪತ್ತು ಸಲ ಟ್ರಿಗರ್ ಎಳೆಯಿರಿ. ಆಮೇಲೆ ಪಿನ್ನಿನ ತುದಿ ಹೊರಗೆ ಕಾಣುವಂತಿದ್ದರೆ ಅದರ ಮೇಲೆ ಉಗುರು ಸವರಿ ನೋಡಿ. ಒಂದು ಬದಿಗೆ ಹೊರಗೆ ಬಂದಿದೆಯಾ? ಟ್ರಿಗರ್ ಎಡಕ್ಕೆ ಬಲಕ್ಕೆ ಮೊದಲಿಗಿಂತ ಜಾಸ್ತಿ ಆಡುತ್ತದೆಯಾ? ಎಳೆಯುವಾಗ ಒಂದು ಸಲ ಹಗುರ, ಇನ್ನೊಂದು ಸಲ ಭಾರ ಅನಿಸುತ್ತದೆಯಾ? ಮೂರೂ ಇಲ್ಲವಾದರೆ ರೈಫಲ್ ಸರಿಯಾಗಿಯೇ ಇದೆ, ಬಿಟ್ಟುಬಿಡಿ.

ಒಂದಕ್ಕಾದರೂ ಹೌದು ಅಂದರೆ ಆ ಕ್ಷಣದಿಂದ ಅದರೊಳಗೆ ಜೀವಂತ ತೋಟೆ ಹೋಗಕೂಡದು. ಕಾರಣ ಇಷ್ಟೆ: ಕೋವಿಯ ಕುದುರೆಯನ್ನಾಗಲಿ (ಬಡಿಯುವ ಸುತ್ತಿಗೆ), ಗುಂಡು ಸಿಡಿಸುವ ಸೂಜಿಯನ್ನಾಗಲಿ ತಡೆದು ನಿಲ್ಲಿಸುವುದು ಸಿಯರ್ ಎಂಬ ತುಂಡಿನ ಒಂದು ಸಣ್ಣ ಅಂಚು. ಟ್ರಿಗರ್ ಕೂತಿರುವ ಪಿನ್ ಅಲ್ಲಾಡಿದರೆ ಆ ಅಂಚಿನ ಹಿಡಿತವೂ ಬದಲಾಗುತ್ತದೆ. ಆಗ ರೈಫಲ್ ನೆಲಕ್ಕೆ ತಾಗಿದರೂ ಈಡು ಹೋಗಬಹುದು. ಸೇಫ್ಟಿ ಹಾಕಿದ್ದೇನೆ ಎಂಬ ಧೈರ್ಯ ಬೇಡ. ಎಷ್ಟೋ ಕೋವಿಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ.

ಸಡಿಲವಾಗುವುದು ಹೇಗೆ? ನಮ್ಮ ಕರಾವಳಿಯಲ್ಲಿ ನಾನು ಜಾಸ್ತಿ ಕಾಣುವುದು ಎಮರಿ ಪೇಪರಿನ ಕೆಲಸ. ಉಪ್ಪುಗಾಳಿಗೆ ಪಿನ್ ತುಕ್ಕು ಹಿಡಿಯುತ್ತದೆ, ಹೊಳೆಯಲಿ ಅಂತ ತಿಕ್ಕುತ್ತಾರೆ, ಪ್ರತಿ ವರ್ಷ ಪಿನ್ ಸಪುರವಾಗುತ್ತದೆ. ಎರಡನೆಯದು ಸ್ಪ್ರಿಂಗ್ ಪಿನ್. ವೀಳ್ಯದೆಲೆ ಸುತ್ತಿದ ಹಾಗೆ ಉದ್ದಕ್ಕೂ ಸೀಳಿರುವ ಈ ಪಿನ್ ತನ್ನ ಬಿಗುವಿನಿಂದಲೇ ನಿಲ್ಲುತ್ತದೆ. ಪದೇಪದೇ ಬಡಿದು ತೆಗೆದರೆ ಬಿಗುವು ಹೋಗುತ್ತದೆ. ಅದಕ್ಕೆ ಹೊಸತೇ ಹಾಕಬೇಕು. ಪಿನ್ನಿನ ತುದಿಗೆ ಕ್ಲಿಪ್ ಇದ್ದರೆ, ಅದು ಒರೆಸುವಾಗ ಹಾರಿ ಹೋಗಿದೆಯಾ ನೋಡಿ. ತೂತೇ ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ.

ನಳಿಗೆಯ ಬಾಯಿಯಿಂದ ಮದ್ದು ತುಂಬಿ ಕೇಪು ಸಿಡಿಸುವ ಹಳೇ ಕೇಪಿನ ಕೋವಿಯ ಕತೆ ಬೇರೆ. ಅದರಲ್ಲಿ ಸಾಮಾನ್ಯವಾಗಿ ಪಿನ್ ಮರದೊಳಗೇ ಹಾದುಹೋಗುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ಬಿಗಿಯುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿಡುತ್ತದೆ. ಆ ತೂತಿಗೆ ಎಂ-ಸೀಲ್ ಮೆತ್ತಬೇಡಿ. ಗಟ್ಟಿ ಮರದ ಬಿರಡೆ ಕೂರಿಸಿ ಹೊಸದಾಗಿ ತೂತು ಕೊರೆಯುವುದೇ ಸರಿಯಾದ ದಾರಿ, ಅದು ಬಲ್ಲವರ ಕೆಲಸ.

ಈಗ ವೆಲ್ಡಿಂಗ್ ವಿಷಯ. ಸಿಯರ್ ಮತ್ತು ಟ್ರಿಗರಿನ ಅಂಚನ್ನು ಹದ ಕೊಟ್ಟು ಗಟ್ಟಿ ಮಾಡಿರುತ್ತಾರೆ. ಪಕ್ಕದಲ್ಲೇ ಅಷ್ಟು ಬಿಸಿ ತಾಗಿದರೆ ಹದ ಹೋಗಿ ಅಂಚು ಬೇಗ ಸವೆಯುತ್ತದೆ. ಮೊಳೆಯೂ ಬೇಡ, ಅದು ಮೆತ್ತನೆಯ ಕಬ್ಬಿಣ, ಬಾಗುತ್ತದೆ. ಫೆವಿಕ್ವಿಕ್ ಹಾಕಿದರೆ ಒಳಗೆ ಇಳಿದು ಟ್ರಿಗರ್ ಹಿಂದಕ್ಕೆ ಮರಳದೆ ಅಂಟಿಕೊಳ್ಳುತ್ತದೆ. ಇದಕ್ಕಿಂತ ದೊಡ್ಡ ಮಾತೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ಗೇಟು, ಗ್ರಿಲ್ ಮಾಡುವವರ ಕೈಗೆ ರೈಫಲ್ ಕೊಟ್ಟರೆ ನೀವೂ ಸಿಕ್ಕಿಬೀಳುತ್ತೀರಿ, ಪಾಪ ಅವರೂ. ಲೈಸೆನ್ಸ್ ಇರುವ ಗನ್‌ಸ್ಮಿತ್ ಬಳಿಗೇ ಹೋಗಿ. ನಿಮ್ಮ ಮಾಡೆಲ್ಲಿನದೇ ಪಿನ್ ಹಾಕಿಸಿ. ಕೋವಿಯ ಜೊತೆ ನಿಮ್ಮ ಲೈಸೆನ್ಸ್ ಪುಸ್ತಕವೂ ಇರಲಿ.

ಟ್ರಿಗರ್ ಹಗುರವಾಗಲು ಸ್ಪ್ರಿಂಗ್ ಕತ್ತರಿಸಬಹುದಾ? – ಸುರತ್ಕಲ್

ಇಲ್ಲ.

ಪಿನ್ನಿಗೆ ತೆಂಗಿನೆಣ್ಣೆ ಒಳ್ಳೆಯದು ಅಂತಾರೆ? – ಬೈಂದೂರು

ಅಡುಗೆಗೆ ಒಳ್ಳೆಯದು. ಕೋವಿಯೊಳಗೆ ಅದು ಅಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಮೆಷಿನ್ನಿನ ತೆಳು ಎಣ್ಣೆ ಒಂದು ಹನಿ ಸಾಕು.

ಏರ್ ರೈಫಲ್ ಅಲ್ವಾ, ಪಿನ್ ಸರಿಯಾಗಿದೆಯಾ ನೋಡಲು ಪೆಲೆಟ್ ಇಲ್ಲದೆ ಹೊಡೆಯಬಹುದಾ? – ಮಣಿಪಾಲ

ಸ್ಪ್ರಿಂಗ್ ಏರ್ ರೈಫಲ್ಲಿನಲ್ಲಿ ಹಾಗೆ ಮಾಡಬೇಡಿ. ಪೆಲೆಟ್ ಇಲ್ಲದಿದ್ದರೆ ಪಿಸ್ಟನ್ನಿಗೆ ಎದುರಿನ ಗಾಳಿಯ ತಡೆ ಸಾಲದೆ, ನೇರ ಹೋಗಿ ಗುದ್ದಿ ಸೀಲ್ ಹಾಳಾಗುತ್ತದೆ.

ಚುನಾವಣೆಗೆ ಠಾಣೆಯಲ್ಲಿಟ್ಟ ಕೋವಿ ವಾಪಸ್ ಬರುವಾಗ ಪಿನ್ನು, ಸ್ಕ್ರೂ ಎಲ್ಲ ತುಕ್ಕು. ಏನು ಮಾಡುವುದು? – ಬೆಳ್ತಂಗಡಿಯ ಕೃಷಿಕರು

ನಿಮ್ಮ ಸಂಕಟ ಗೊತ್ತು. ಇಡುವ ಹಿಂದಿನ ದಿನವೇ ಒಣ ಬಟ್ಟೆಯಲ್ಲಿ ಒರೆಸಿ, ನಳಿಗೆಯ ಒಳಗೂ ಪಿನ್ನಿನ ತುದಿಗಳಿಗೂ ತೆಳುವಾಗಿ ಎಣ್ಣೆ ಸವರಿ. ರೆಕ್ಸಿನ್ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿದಿಡುತ್ತದೆ. ಎಣ್ಣೆ ಹಚ್ಚಿದ ಹತ್ತಿ ಬಟ್ಟೆ ಸುತ್ತಿ ಕೊಡಿ. ರಸೀದಿ ತೆಗೆದುಕೊಳ್ಳುವಾಗ ಕೋವಿ ಯಾವ ಸ್ಥಿತಿಯಲ್ಲಿದೆ ಎಂದು ಬರೆಸಿ, ಫೋಟೊ ತೆಗೆದಿಡಿ. ವಾಪಸ್ ಬಂದ ಮೇಲೆ ತುಕ್ಕು ಕಂಡರೆ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು ಬಟ್ಟೆಯಲ್ಲೇ ಒರೆಸಿ. ಎಮರಿ ಪೇಪರ್ ಮಾತ್ರ ಮುಟ್ಟಬೇಡಿ.