ಓದುಗರ ಪ್ರಶ್ನೆ: ಹಳೆಯ ಕಾರಿನ ತಳಕ್ಕೆ ತೇಪೆ

ಪ್ರಶ್ನೆ: ನಮ್ಮ ತಂದೆಯವರ 1978ರ ಪ್ರೀಮಿಯರ್ ಪದ್ಮಿನಿ ಕಾರಿನಲ್ಲಿ ಚಾಲಕರ ಕಾಲಡಿಯ ತಗಡು ತುಕ್ಕು ಹಿಡಿದು ಅಂಗೈ ಅಗಲಕ್ಕೆ ತೂತಾಗಿದೆ. ಗೇಟು, ಗ್ರಿಲ್ ಮಾಡುವ ವೆಲ್ಡರ್ ಒಬ್ಬರು ಆರ್ಕ್ ವೆಲ್ಡಿಂಗ್ ಮಾಡಲು ಹೋದಾಗ ತಗಡು ಉರಿದು ತೂತು ಇನ್ನೂ ದೊಡ್ಡದಾಯಿತು. ದಪ್ಪ ಪ್ಲೇಟನ್ನು ಮೇಲಿಂದಲೇ ಕೂರಿಸೋಣ ಎನ್ನುತ್ತಿದ್ದಾರೆ. ಹಾಗೆ ಮಾಡಿಸಬಹುದೇ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಬೇಡ. ಪದ್ಮಿನಿಗೆ ಲಾರಿಯಂತೆ ಬೇರೆ ಚಾಸಿ (ಭಾರ ಹೊರುವ ಉಕ್ಕಿನ ಚೌಕಟ್ಟು) ಇಲ್ಲ. ತಳದ ತಗಡು, ಬಾಗಿಲ ಕೆಳಗಿನ ಪಟ್ಟಿ, ಕಂಬಗಳು ಒಂದಕ್ಕೊಂದು ಬೆಸೆದುಕೊಂಡೇ ಭಾರ ಹೊರುತ್ತವೆ. ಮೇಲೆ ಕೂರಿಸಿದ ಪ್ಲೇಟು ಗಟ್ಟಿಯಾಗಿ ನಿಂತರೂ ಅದರ ಅಂಚಿನ ತೆಳು ತಗಡು ಸೀಳಬಹುದು, ಎರಡು ಪದರಗಳ ನಡುವೆ ನೀರು ನಿಂತು ತುಕ್ಕು ಕಣ್ಣಿಗೆ ಬೀಳದಂತೆ ಬೆಳೆಯುತ್ತದೆ.

ಇದರಲ್ಲಿ ಆ ವೆಲ್ಡರ್ ಅವರ ಕೈಯ ದೋಷವೇನೂ ಇಲ್ಲ. ಇಂಥ ತೆಳು ತಗಡು, ಉದಾಹರಣೆಗೆ 20 ಗೇಜಿನದು, ಸುಮಾರು 0.9 ಮಿ.ಮೀ. ದಪ್ಪ; ಅದಕ್ಕೆ 35–40 ಆಂಪಿಯರ್ ಕರೆಂಟ್ ಸಾಕು. ಗ್ರಿಲ್ ಕೆಲಸಕ್ಕೆ ಬಳಸುವ 2.5 ಮಿ.ಮೀ. ರಾಡು ಅಷ್ಟರಲ್ಲಿ ಸರಿಯಾಗಿ ಉರಿಯುವುದೇ ಇಲ್ಲ. ಆದ್ದರಿಂದ ಸಿಓಟು ವೆಲ್ಡಿಂಗ್ (ರಾಡಿನ ಬದಲು ಸಣ್ಣ ತಂತಿ ಕರಗಿಸಿ, ಇಂಗಾಲದ ಡೈಆಕ್ಸೈಡ್ ಅನಿಲದ ರಕ್ಷಣೆಯಲ್ಲಿ ಬೆಸೆಯುವುದು) ಇರುವ ಟಿಂಕರಿಂಗ್ ಶಾಪಿಗೆ ಹೋಗಿ 0.6 ಅಥವಾ 0.8 ಮಿ.ಮೀ. ತಂತಿಯಲ್ಲಿ ಮಾಡಿಸಿ. ಆರ್ಗಾನ್ ಬೆರೆಸಿದ ಅನಿಲ ಸಿಕ್ಕರೆ ಕಿಡಿ ಸಿಡಿಯುವುದೂ ತಗಡು ತೂತಾಗುವುದೂ ಕಡಿಮೆ.

ವೆಲ್ಡಿಂಗ್‌ಗಿಂತ ಅದಕ್ಕೆ ಮೊದಲಿನ ತಯಾರಿಯೇ ಹೆಚ್ಚು ಸಮಯ ಬೇಡುತ್ತದೆ. ಹೊಳೆಯುವ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಲೇಬೇಕು; ಅಂಗೈ ಅಗಲದ ತೂತು ಮೊರದಷ್ಟಾದರೂ ಗಾಬರಿಯಾಗಬೇಡಿ, ಏಕೆಂದರೆ ತುಕ್ಕಿಗೆ ಯಾವ ವೆಲ್ಡಿಂಗೂ ಹಿಡಿಯುವುದಿಲ್ಲ. ಅಷ್ಟೇ ದಪ್ಪದ ಸಿ.ಆರ್. ಶೀಟಿನಲ್ಲಿ (ಕೋಲ್ಡ್ ರೋಲ್ಡ್, ಅಂದರೆ ಕಾಯಿಸದೆ ಒತ್ತಿ ತೆಳುವಾಗಿಸಿದ ಉಕ್ಕಿನ ತಗಡು), ಮೂಲೆಗಳನ್ನು ದುಂಡಗೆ ಮಾಡಿ, ಸುತ್ತ 1 ಮಿ.ಮೀ.ಗಿಂತ ಹೆಚ್ಚು ಸಂದು ಉಳಿಯದಂತೆ ತೇಪೆಯನ್ನು ಕತ್ತರಿಸಿ ಅಂಚಿಗೆ ಅಂಚು ಸೇರಿಸಿ ನಿಲ್ಲಿಸಬೇಕು. ನಂತರ ಒಂದೇ ಸಮನೆ ಗೆರೆ ಎಳೆಯಬಾರದು. ಒಂದು ಚುಕ್ಕಿ ಇಲ್ಲಿ, ಮುಂದಿನದು ಅದರ ಎದುರು ಬದಿಯಲ್ಲಿ, ಹೀಗೆ ಬಿಟ್ಟುಬಿಟ್ಟು ಇಡುತ್ತಾ, ಪ್ರತಿ ಚುಕ್ಕಿಯೂ ಕೈಯಿಟ್ಟು ಮುಟ್ಟುವಷ್ಟು ಆರಿದ ಮೇಲೆಯೇ ನಡುವಿನ ಜಾಗ ತುಂಬುತ್ತಾ ಬರಬೇಕು. ಅವಸರ ಮಾಡಿದರೆ ತಗಡು ಅಲೆಯಂತೆ ಉಬ್ಬುತ್ತದೆ. ಹಿಂಬದಿಗೆ ತಾಮ್ರದ ಪಟ್ಟಿ ಒತ್ತಿ ಹಿಡಿದರೆ ಅದು ಶಾಖವನ್ನು ಹೀರಿಕೊಳ್ಳುತ್ತದೆ, ಕರಗಿದ ಉಕ್ಕು ಅದಕ್ಕೆ ಅಂಟುವುದೂ ಇಲ್ಲ. ಕೊನೆಗೆ ಬೆಸುಗೆ ಉಜ್ಜಿ ಸಮ ಮಾಡಲು ಗ್ರೈಂಡರ್ ಹಿಡಿಯುವವರೂ ತಗಡು ಕಾಯದಂತೆ ಬಿಡುವು ಕೊಟ್ಟೇ ಹಿಡಿಯಬೇಕು (ಈ ಮಾತಿಗೆ ಯಾರೂ ಕಿವಿಗೊಡುವುದಿಲ್ಲ).

ಬ್ಯಾಟರಿ ಟರ್ಮಿನಲ್ ಬಿಚ್ಚಿ, ಸೀಟು ಮತ್ತು ಮ್ಯಾಟ್ ತೆಗೆದು, ಕೆಳಗೆ ಹಾಯುವ ಪೆಟ್ರೋಲ್, ಬ್ರೇಕ್ ಪೈಪುಗಳನ್ನು ಸರಿಸಿದ ಮೇಲೆಯೇ ಕೆಲಸ ಶುರುವಾಗಲಿ. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬರು ಪಕ್ಕದಲ್ಲೇ ಇರಲಿ. ಆಮೇಲೆ ಕೂಡುಗೆರೆಗೆ ಸೀಲರ್, ಎರಡೂ ಬದಿಗೆ ಪ್ರೈಮರ್ ಮತ್ತು ಬಣ್ಣ ಬೇಕು. ಪುಟ್ಟಿ ಸೀಲರ್‌ಗೆ ಬದಲಲ್ಲ. ಮುಂದಿನ ಗಾಜಿನ ರಬ್ಬರನ್ನೂ ನೋಡಿಸಿ. ಮಳೆ ನೀರು ಅಲ್ಲಿಂದ ಇಳಿದು ಮ್ಯಾಟಿನಡಿ ನಿಲ್ಲುತ್ತಿದ್ದರೆ ಹೊಸ ತಗಡೂ ಹಾಳಾಗುತ್ತದೆ.

ಪ್ರಶ್ನೆ: ನನ್ನ ಹಳೆಯ ಜೀಪಿನ ತಳಕ್ಕೆ ಜಿ.ಐ. ಶೀಟ್ (ಸತುವಿನ ಲೇಪವಿರುವ ತಗಡು) ಹಾಕಿಸಿದರೆ ತುಕ್ಕು ಬರುವುದಿಲ್ಲವಲ್ಲವೇ?
– ಓದುಗರು, ಚಿತ್ರದುರ್ಗ

ಉತ್ತರ: ಶೀಟಿಗೆ ಬರುವುದು ತಡವಾಗುತ್ತದೆ, ವೆಲ್ಡ್ ಮಾಡಿದ ಗೆರೆಗೆ ಮಾತ್ರ ಆ ರಕ್ಷಣೆ ಉಳಿಯುವುದಿಲ್ಲ. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಬೇಕು. ಮೇಲಿನ ಸತುವಿನ ಲೇಪ 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಆ ಬಿಳಿ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ, ಮೈಕೈ ನೋವು ಬರುತ್ತದೆ. ಹಾಕಿಸಲೇಬೇಕೆಂದಿದ್ದರೆ ಅಂಚಿನ ಒಂದಿಂಚು ಲೇಪವನ್ನು ಉಜ್ಜಿ ತೆಗೆಸಿ, ಬಯಲಿನಲ್ಲಿ ಕೆಲಸ ಮಾಡಿಸಿ, ಕೊನೆಗೆ ಆ ಗೆರೆಗೆ ಜಿಂಕ್ ಪ್ರೈಮರ್ ಬಳಿಸಿ.